ಚಿಕ್ಕಮ್ಮನ ರಜೆ, ನಮ್ಮ ಪಥ್ಯ

ಬಸವನಗುಡಿಯಲ್ಲೇ ಹುಟ್ಟಿ ಬೆಳೆದ ನಾನು ಹೆದರುವುದು ಎರಡೇ ಎರಡಕ್ಕೆ. ಒಂದು, ಗಾಂಧಿಬಜಾರಿನ ಫುಟ್‌ಪಾತಿನ ಮೇಲೆ ನುಗ್ಗುವ ಸ್ಕೂಟರಿಗೆ. ಇನ್ನೊಂದು, ರಜೆಗೆಂದು ಮೈಸೂರಿನಿಂದ ಬರುವ ನಮ್ಮ ಚಿಕ್ಕಮ್ಮನಿಗೆ. ಸ್ಕೂಟರಾದರೂ ಹಾರ್ನ್ ಹೊಡೆಯುತ್ತದೆ!

ರಜೆಗೆ ಬಂದವರು ಏನು ಮಾಡುತ್ತಾರೆ ಹೇಳಿ? ದೋಸೆ ತಿನ್ನುತ್ತಾರೆ, ಮಾವಿನಹಣ್ಣು ತಿನ್ನುತ್ತಾರೆ, ಮಧ್ಯಾಹ್ನ ಫ್ಯಾನಿನ ಕೆಳಗೆ ಬಿದ್ದುಕೊಂಡು ಸಂಜೆಗೆ ಏನು ತಿನ್ನುವುದೆಂದು ಯೋಚಿಸುತ್ತಾರೆ. ಚಿಕ್ಕಮ್ಮ ಈ ಬೇಸಿಗೆಯಲ್ಲಿ ಬಂದವರು ಚಪ್ಪಲಿ ಬಿಡುವ ಮೊದಲೇ ಘೋಷಿಸಿದರು.

“ಅಕ್ಕಾ, ನಾನೀಗ ಡಯಟ್‌ನಲ್ಲಿದೀನಿ. ಸಕ್ಕರೆ ಇಲ್ಲ, ಎಣ್ಣೆ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ವಾಕಿಂಗು. ರಜೆ ಅಂತ ಬಿಟ್ರೆ ಮುಗೀತು ಕತೆ!”

ಮುಗಿದದ್ದು ನಮ್ಮ ಕತೆ. ಏಕೆಂದರೆ ನೆಂಟರು ಮುಟ್ಟದ್ದನ್ನು ಮನೆಯವರು ತಿನ್ನಬಾರದು, ನೆಂಟರು ತಿನ್ನುವ ಮೊದಲು ಮನೆಯಾಕೆ ತುತ್ತು ಎತ್ತಬಾರದು ಎಂಬುದು ಅಮ್ಮನ ಕಾನೂನು. ಸ್ವಂತ ತಂಗಿಗೂ ವಿನಾಯಿತಿಯಿಲ್ಲ. ಮದುವೆಯಾಗಿ ಹೋದಳಲ್ಲ, ಈಗ ನೆಂಟಳು! ಅಮ್ಮನಿಗೆ ಶುಗರ್ ವಿಪರೀತ ಏರಿತ್ತು. ಡಾಕ್ಟರು ಕಣ್ಣು, ಕಿಡ್ನಿ ಎಂದೆಲ್ಲ ಹೆದರಿಸಿದ್ದರು. ಹೆದರಿದ್ದು ನಾನು, ಅಮ್ಮನಲ್ಲ. “ಒಂದೇ ಒಂದು ಹೋಳು ಕಣೋ” ಎನ್ನುತ್ತಾ ಇಡೀ ಬಾದಾಮಿ ಮಾವನ್ನು ಕರಗಿಸುತ್ತಿದ್ದ ಅಮ್ಮ, ಈಗ ನೆಂಟಳ ಮರ್ಯಾದೆಗಾಗಿ ಹಾಗಲಕಾಯಿ ಪಲ್ಯ ತಿನ್ನತೊಡಗಿದರು.

ನಾನೊಮ್ಮೆ ಹೋಟೆಲಿಗೆ ಹೋಗಿ ಕದ್ದು ತಿಂದು ಬಂದೆ. ಬಾಗಿಲಲ್ಲೇ ಚಿಕ್ಕಮ್ಮ.

“ಬಾಯಿ ಊದು.”

ಊದಿದೆ.

“ಉದ್ದಿನ ವಡೆ. ಚಟ್ನಿ ಬೇರೆ!”

ನಮ್ಮ ಟ್ರಾಫಿಕ್ ಪೊಲೀಸರ ಮೆಷಿನ್ನಿಗೂ ಇಷ್ಟು ವಿವರ ಸಿಗುವುದಿಲ್ಲ.

ಮರುದಿನ ಬೆಳಿಗ್ಗೆ ಶಿಕ್ಷೆಯಾಗಿ ನನ್ನನ್ನೂ ಕಹಳೆ ಬಂಡೆ ಪಾರ್ಕಿಗೆ ಎಳೆದೊಯ್ದರು. ಚಿಕ್ಕಮ್ಮ ಮುಂದೆ, ಅಮ್ಮ ನಡುವೆ, ಏದುಸಿರು ಬಿಡುತ್ತಾ ನಾನು ಹಿಂದೆ. ಮೆಟ್ಟಿಲ ಹತ್ತಿರ ಅಮ್ಮ ಇದ್ದಕ್ಕಿದ್ದಂತೆ ಕುಸಿದು ಕೂತರು. ಮುಖವೆಲ್ಲ ಬೆವರು, ಕೈ ನಡುಗುತ್ತಿತ್ತು. ಮುಂದಿದ್ದ ಚಿಕ್ಕಮ್ಮ ಓಡಿ ಬಂದರು.

“ಅಕ್ಕಾ, ಮಾತ್ರೆ ತಗೊಂಡ್ಯಾ?”

“ಹೂಂ.”

“ಏನಾದ್ರೂ ತಿಂದ್ಯಾ?”

“ನೀನಿನ್ನೂ ತಿಂದಿರ್ಲಿಲ್ವಲ್ಲೇ...”

“ಖಾಲಿ ಹೊಟ್ಟೇಲಿ ಮಾತ್ರೆನಾ? ಶುಗರ್ ಇಳಿದುಬಿಟ್ಟಿದೆ!” ಎಂದು ಚಿಕ್ಕಮ್ಮ ಕೂಗಿದರು. ಗಡಿಬಿಡಿಯಿಂದ ಕೈಚೀಲ ತಡಕಿ ಒಂದು ಡಬ್ಬಿ ತೆಗೆದರು. ಅದರೊಳಗೆ ಕೊಬ್ಬರಿ ಮಿಠಾಯಿ! ಅಷ್ಟು ದಿನವೂ ನಮಗೆ ಹಾಗಲಕಾಯಿ, ಅವರ ಚೀಲಕ್ಕೆ ಕೊಬ್ಬರಿ ಮಿಠಾಯಿ! ಆದರೆ ಜಗಳವಾಡುವ ಹೊತ್ತಲ್ಲ ಅದು. ಪುಡಿಮಾಡಿ ಅಮ್ಮನ ಬಾಯಿಗಿಟ್ಟರು, ಇನ್ನಷ್ಟಿಟ್ಟರು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಸ್ವಲ್ಪ ಹೊತ್ತಿಗೆ ಅಮ್ಮನ ಮುಖಕ್ಕೆ ಕಳೆ ಬಂತು, ಕಳೆಯ ಹಿಂದೆಯೇ ಮಾತೂ ಬಂತು.

“ಡಯಟ್ ಅಂದಿದ್ಯಲ್ಲ? ಇದೇನೇ ಇದು?”

“ಯಾವ ಡಯಟ್ಟೂ ಇಲ್ಲ ಕಣೇ! ಊರಲ್ಲಿ ನಾನು ಗೇಟಿನ ತನಕಾನೂ ನಡೆಯಲ್ಲ. ಪಥ್ಯ ಮಾಡು ಅಂದ್ರೆ ನೀನು ಕೇಳ್ತೀಯಾ? ನಾನು ತಿನ್ನದೇ ಇದ್ರೆ ನೀನೂ ತಿನ್ನಲ್ಲ ಅಂತ ಗೊತ್ತಿತ್ತು. ಅದಕ್ಕೇ...” ಚಿಕ್ಕಮ್ಮ ಅಮ್ಮನ ಹಣೆಯ ಬೆವರನ್ನು ಕೈಯಿಂದಲೇ ಒರೆಸಿದರು. “ತಿನ್ಬೇಕಾದ್ದನ್ನೂ ಬಿಡ್ತೀಯ ಅಂತ ಹೊಳೀಲೇ ಇಲ್ಲ ಅಕ್ಕಾ. ನಂಗಿರೋದು ನೀನೊಬ್ಳೇ. ನಿಂಗೇನಾದ್ರೂ ಆದ್ರೆ ಅಂತ ಭಯ ಕಣೇ, ದಿನಾ ಭಯ.”

ಇಂಥ ಚಿಕ್ಕಮ್ಮನಿಗೂ ಭಯವೇ? ನಾನು ಎದುರಿನ ಹೋಟೆಲಿಗೆ ಓಡಿ ಇಡ್ಲಿ ಕಟ್ಟಿಸಿಕೊಂಡು ಬಂದೆ. ಅಮ್ಮ ಅಭ್ಯಾಸದಂತೆ ಪೊಟ್ಟಣವನ್ನು ತಂಗಿಯ ಕಡೆಗೇ ಸರಿಸಿದರು.

ಚಿಕ್ಕಮ್ಮ ವಾದಿಸಲಿಲ್ಲ. ಒಂದು ದೊಡ್ಡ ತುಂಡು ಮುರಿದು ಬಾಯಿಗೆ ತುರುಕಿಕೊಂಡರು. ಕಣ್ಣಲ್ಲಿ ನೀರು, ಬಾಯ್ತುಂಬ ಇಡ್ಲಿ.

“ನೋಡು, ನಾನು ತಿಂದೆ. ಈಗ ನೀನು ತಿನ್ನು ಅಕ್ಕಾ.”