‘ಮನಿ’ಗೊಂದು ಕೆಂಪು ಸುತ್ತು

ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಯಲಬುರ್ಗಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಸಂಬಳ ಬರುವುದು ಕಲಿಸುವುದಕ್ಕೋ, ಕೆಂಪು ಪೆನ್ನಿನಿಂದ ಸುತ್ತು ಹಾಕುವುದಕ್ಕೋ ಎಂದು ನನಗೇ ಅನುಮಾನ. ಈ ಚಟ ಶಾಲೆಯ ಗೇಟಿನೊಳಗೆ ನಿಲ್ಲುವುದೂ ಇಲ್ಲ. ಆಮಂತ್ರಣ ಪತ್ರಿಕೆಯಲ್ಲಿ ‘ಮಧುವೆ’ ಎಂದಿದ್ದರೆ ಊಟಕ್ಕೆ ಮೊದಲೇ ನನಗೆ ಅಜೀರ್ಣ. ನಮ್ಮ ಯಜಮಾನರು ಕುಷ್ಟಗಿಯವರು, ದಾಳಿಂಬೆ ವ್ಯಾಪಾರ ಮಾಡುತ್ತಾರೆ. “ಇಕಿ ಕೂಡ ಬಸ್ಸಿನ್ಯಾಗ ಕುಂತ್ರ ದಾರಿಮ್ಯಾಲಿನ ಬೋರ್ಡೆಲ್ಲಾ ಫೇಲ್ ಆಗ್ತಾವ್ರಿ” ಎಂದು ಬೀಗರ ಮುಂದೆ ನನ್ನ ಮಾನ ಕಳೆಯುತ್ತಾರೆ.

ಇಂಥ ನನ್ನ ಬಲಗೈ ಬೆರಳುಗಳು ಈ ವರ್ಷ ಮುಷ್ಕರ ಹೂಡಿದವು. ಬೆಳಗ್ಗೆ ಎದ್ದರೆ ಗೆಣ್ಣುಗಳು ಊದಿಕೊಂಡು ಮಡಚಲು ಬಾರದು. ರೊಟ್ಟಿ ಬಡಿಯುವುದು ನಿಂತಿತು. ಅದಕ್ಕೆ ನಾನೇನೂ ಅಳಲಿಲ್ಲ; ಓಣಿಯ ತುದಿಯಲ್ಲಿ ಖಡಕ್ ರೊಟ್ಟಿ ಸಿಗುತ್ತದೆ. ಆದರೆ ಸೀಮೆಸುಣ್ಣ ಹಿಡಿದು ಬರೆದ ‘ಅ’ ಬಿಚ್ಚಿಹೋದ ಜಿಲೇಬಿಯಂತಾಯಿತು. ನನ್ನ ಅಕ್ಷರ ದುಂಡಗೆ ಎಂಬುದೊಂದೇ ನನಗಿರುವ ಜಂಬ. ಅದೂ ಹೋದರೆ ನಾನೆಂಥ ಟೀಚರು ಎಂದು ನಿಜಕ್ಕೂ ಹೆದರಿದೆ.

ಕೊಪ್ಪಳದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, “ಇದು ಒಂದು ನಮೂನಿ ಸಂಧಿವಾತರಿ ಮೇಡಂ. ಹೊರಗಿನ ರೋಗಾಣು ಹಿಡಿಯಬೇಕಾದ ಪ್ರತಿಕಾಯ ನಿಮ್ಮ ಕೀಲನ್ನ ಹಿಡದಾವು” ಎಂದರು. ಸಂಧಿಗಳಲ್ಲಿ ಲೋಪ, ಆಗಮ, ಆದೇಶ ನನಗೆ ಗೊತ್ತು, ವಾತಸಂಧಿ ಪಠ್ಯದಲ್ಲಿರಲಿಲ್ಲ. ನೋವು ಒಂದು ಕಡೆ, ಕುತೂಹಲ ಒಂದು ಕಡೆ. “ಯಾವುದನ್ನ ಹಿಡೀಬೇಕು ಅಂತ ಅದಕ್ಕ ಹೆಂಗ ತಿಳೀತೈತ್ರಿ?” ಎಂದು ಕೇಳಿದೆ.

ಅವರು ಚೀಟಿಯ ಹಿಂಬದಿಯಲ್ಲಿ ಒಂದು ಕವೆ ಬರೆದರು. ಕೆಳಗೆ ಕಾಂಡ, ಮೇಲೆ ಎರಡು ತೋಳು. “ಕಾಂಡ ಹೆಚ್ಚುಕಡಿಮಿ ಎಲ್ಲಾದಕ್ಕೂ ಒಂದೇ ರೀ. ಫರಕ್ ಇರೋದು ತೋಳಿನ ತುದ್ಯಾಗ. ಅಲ್ಲಿ ಸಣ್ಣ ಸಣ್ಣ ಸುರುಳಿ ಇರ್ತಾವು. ಆ ಸುರುಳಿ ಬಾಗು ಯಾವುದಕ್ಕ ಸರಿಯಾಗಿ ಕೂಡತೈತಿ, ಅದನ್ನಷ್ಟ ಹಿಡೀತೈತಿ.” ಇದು ನನಗೆ ಥಟ್ಟನೆ ಹಿಡಿಸಿತು. ‘ಕ’ ಅದೇ ಇರುತ್ತದೆ, ತುದಿಗೊಂದು ಕೊಂಬು ಬಂದರೆ ‘ಕಡಿ’ ಎಂಬುದು ‘ಕುಡಿ’ ಆಗುತ್ತದೆ. ಕೊಂಬು ಮರೆತ ಹುಡುಗರು ನೀರು ಕಡಿದದ್ದನ್ನು ನಾನು ಎಷ್ಟೋ ಸಲ ಓದಿದ್ದೇನೆ.

“ಮತ್ತ ನನ್ನ ಕೀಲಿನ್ಯಾಗ ಅದಕ್ಕ ಏನ್ ತಪ್ಪು ಕಾಣ್ತೈತ್ರಿ?”

“ಪ್ರೋಟೀನ್ ನಿಮ್ದ ಐತ್ರಿ. ಅದರಾಗ ಒಂದು ಸಣ್ಣ ತುಣುಕಿನ ಜಾಗಾದಾಗ ಇನ್ನೊಂದು ಬಂದೈತಿ, ಅಷ್ಟ. ಈ ಜಾತಿ ಪ್ರತಿಕಾಯದ ತುದಿ ಅದನ್ನ ಹುಡುಕ್ಕೋಂತ ಹೋಗತೈತಿ. ಬ್ಯಾರೆ ಪ್ರೋಟೀನಿನ್ಯಾಗ ಅದ ಬದಲಾವಣಿ ಕಂಡ್ರೂ ಬಿಡಂಗಿಲ್ಲ.”

ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಅದು ಆದೇಶ ಸಂಧಿ ಎಂದೆ. ಅವರು ನಕ್ಕರು. ಅಂಥ ತುದಿ ಯಾಕೆ ಹುಟ್ಟುತ್ತದೆ ಎಂದದ್ದಕ್ಕೆ, “ಅದು ನಮಗೂ ಪೂರಾ ಗೊತ್ತಿಲ್ಲರಿ” ಎಂದು ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದುಕೊಟ್ಟರು. ಕೈ ಸರಿಯಾಗಲು ತಿಂಗಳುಗಳೇ ಬೇಕಂತೆ.

ಅಲ್ಲಿಯತನಕ ಪ್ರಬಂಧದ ನೋಟ್‌ಬುಕ್ಕುಗಳು ಕಾಯುತ್ತವೆಯೇ? ಯಜಮಾನರ ಕೈಗೆ ಕೆಂಪು ಪೆನ್ನು ಕೊಟ್ಟು ಪಕ್ಕದಲ್ಲಿ ಕೂತೆ. ಮೊದಲ ಸಾಲೇ ‘ನಮ್ಮ ಮನಿ ಮುಂದ ಬೇವಿನ ಗಿಡ ಐತಿ’.

“ಸುತ್ತು ಹಾಕ್ರಿ” ಎಂದೆ.

“ಯಾವುದಕ್ಕ?”

“ಮನಿಗೆ. ಅದು ಮನೆ ಆಗಬೇಕು.”

“ನಾ ಹುಟ್ಟಿದ್ದು ಮನ್ಯಾಗ. ‘ಎ’ ಬದ್ಲಿ ‘ಇ’ ಬಂದೈತಿ, ಕಳ್ಳ ಬಂದಿಲ್ಲ” ಎಂದು ಅವರು ಮುಂದಿನ ಸಾಲಿಗೆ ಹೋದರು. ‘ಸಾಲಿ’, ‘ಎಲಿ’, ‘ಬ್ಯಾಳಿ’ ಎಲ್ಲವೂ ಅವರ ಕೈಯಲ್ಲಿ ಸಲೀಸಾಗಿ ಪಾಸಾದವು.

ಅದೇ ಪೆನ್ನು, ಅದೇ ಮಸಿ. ನನ್ನ ಕೈಯಲ್ಲಿದ್ದಾಗ ಆ ‘ಇ’ಕಾರ ಯಾವ ಪದದ ತುದಿಯಲ್ಲಿ ಕಂಡರೂ ಹಿಡಿಯುತ್ತಿದ್ದ ಪೆನ್ನು ಅವರ ಕೈಯಲ್ಲಿ ಕತ್ತೆತ್ತಿಯೂ ನೋಡಲಿಲ್ಲ. ನನಗೆ ಕೂತಲ್ಲೇ ನಾಚಿಕೆಯಾಯಿತು. ನನ್ನ ರಕ್ತದಲ್ಲಿ ಓಡಾಡುತ್ತಿರುವುದು ಬೇರೆ ಯಾರೂ ಅಲ್ಲ, ಒಬ್ಬ ಕನ್ನಡ ಟೀಚರು. ಕೊನೆಯಲ್ಲೊಂದು ಅಕ್ಷರ ಬದಲಾಗಿದೆಯೆಂದು ಮನೆಯ ಮಾತನ್ನೇ ಪರದೇಶಿ ಮಾಡುವವಳು. ಆನೆಗೊಂದಿಯಿಂದ ಅವ್ವ ಫೋನು ಮಾಡಿ “ಮನಿಗಿ ಯಾವಾಗ ಬರ್ತಿಯವಾ?” ಎಂದರೆ ನಾನೂ “ಮನಿಗಿ ಬರ್ತೀನಿ ಬಿಡಬೇ” ಎನ್ನುವವಳೇ. ಅಂದೇ ನಿರ್ಧರಿಸಿದೆ: ಇನ್ನು ‘ಮನಿ’ಯ ತಂಟೆ ನನಗೆ ಬೇಡ.

ಗುಳಿಗೆ ನಿಧಾನಕ್ಕೆ ತನ್ನ ಕೆಲಸ ಮಾಡಿತು. ಮೊನ್ನೆ ಬೆಳಗ್ಗೆ ಬೆರಳುಗಳು ಅಷ್ಟು ನೋವಿಲ್ಲದೆ ಮಡಚಿಕೊಂಡವು. ಖುಷಿಗೆ ಕಣ್ಣು ತುಂಬಿತು. ಪರೀಕ್ಷಿಸಿಬಿಡೋಣ ಎಂದು ಹುಡುಗರ ನೋಟ್‌ಬುಕ್ಕೊಂದನ್ನು ಎಳೆದುಕೊಂಡು ಕೆಂಪು ಪೆನ್ನು ತೆರೆದೆ. ‘ನಮ್ಮ ಮನಿ ಸಣ್ಣದೈತಿ’ ಎಂದಿತ್ತು. ನಿರ್ಧಾರ ನೆನಪಾಗುವಷ್ಟರಲ್ಲಿ ಪೆನ್ನು ‘ಮನಿ’ಯ ಸುತ್ತ ಹೋಗಿ ಬಂದಾಗಿತ್ತು. ಸುಳ್ಳೇಕೆ ಹೇಳಲಿ, ಪಶ್ಚಾತ್ತಾಪಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಆ ಸುತ್ತು ಎಷ್ಟು ದುಂಡಗೆ ಬಂದಿದೆ ಎಂಬುದು.

ಯಜಮಾನರು ಚಹಾ ತಂದಿಟ್ಟು, ಬಗ್ಗಿ ನೋಡಿದರು.

“ಕೈ ಛಲೋ ಆತು ನೋಡು” ಎಂದರು.