ಕುರಿಯ ತಲೆ ಯಾರ ಮುಂದೆ ಎಂದು ಹೇಳದ ಶಾಂತಿ ಕೈಪಿಡಿಯ ಕುರಿತು

ಯುದ್ಧ ನಿರ್ಮೂಲನೆಯ ಜಾಗತಿಕ ಸಮಿತಿಯ ಕಾರ್ಯದರ್ಶಿಗಳಾದ ಮಾನ್ಯರೇ,

ಒಂದೇ ಒಂದು ಕೆಮ್ಮಿನಿಂದ ಮೂರು ಮಹಾಯುದ್ಧಗಳನ್ನು ನಿಲ್ಲಿಸಿದವನೂ, ದೊಡ್ಡ ದೊಡ್ಡ ಸೇನಾಪತಿಗಳು ಇಂದಿಗೂ ಸಲಹೆ ಕೇಳಿ ಮನೆಯ ಮುಂದೆ ಸಾಲುಗಟ್ಟುವವನೂ ಆದ ತಲಾಸ್ ಕಣಿವೆಯ ಕಲ್ಮುರ್ಜಾ ಎಂಬ ನಾನು, ತಮಗೂ ತಮ್ಮ ಕುದುರೆಗಳಿಗೂ, ಕುದುರೆಗಳಿಲ್ಲದಿದ್ದರೆ ತಮ್ಮ ಕುರ್ಚಿಗಳಿಗೂ ಆರೋಗ್ಯ ಕೋರಿ ಬರೆದುಕೊಳ್ಳುವುದೇನೆಂದರೆ, ತಾವು ಕಳಿಸಿದ ಮುನ್ನೂರು ಪುಟಗಳ ಶಾಂತಿ ಕೈಪಿಡಿ ಅತ್ಯುತ್ತಮವಾಗಿದೆ, ಒಲೆಯ ಪಕ್ಕದ ಕಿಟಕಿಯಿಂದ ಬರುವ ಗಾಳಿಯನ್ನು ಅದು ಸಂಪೂರ್ಣವಾಗಿ ತಡೆಯುತ್ತಿದೆ.

ತಮಗೆ ಗೊತ್ತಿರುವಂತೆ, ಕಳೆದ ಬೇಸಿಗೆಯಲ್ಲಿ ಕಾಲುವೆಯ ತೂಬಿನ ಹತ್ತಿರ ನಮ್ಮ ಕಿರ್ಗಿಜ್ ಊರಿನವರಿಗೂ ಕೆಳಗಿನ ಕಜಾಕ್ ಊರಿನವರಿಗೂ ಗುದ್ದಲಿ ಹಿಡಿದು ಹೊಡೆದಾಟವಾಗಿ, ಅವರ ಬೋಲಾತ್‌ನ ಎರಡು ಹಲ್ಲೂ ನನ್ನ ಒಂದು ಕೈಯೂ ಮುರಿದವು. ನಾವು ತೂಬು ಮುಚ್ಚಿದೆವು, ಅವರ ಈರುಳ್ಳಿ ಒಣಗಿತು, ಬೋಲಾತ್ ಆಚೆ ದಡದಲ್ಲಿ ನಿಂತು "ಮುಂದಿನ ಸಲ ಗುದ್ದಲಿ ತರಲ್ಲ, ಬಂದೂಕು ತರ್ತೀವಿ, ನೋಡ್ಕೋ" ಎಂದು ಕೂಗಿದ. ಆಗಲೇ ತಾವು ನನ್ನನ್ನು ಸ್ಥಳೀಯ ಶಾಂತಿದೂತನೆಂದು ನೇಮಿಸಿ ನೀಲಿ ಅಂಗಿಯೊಂದನ್ನು ಕಳಿಸಿದ್ದು. ಹೊಡೆದಾಟದಲ್ಲಿ ಮೊದಲ ಗುದ್ದಲಿ ಎತ್ತಿದವನು ನಾನೇ ಎಂಬುದು ಅರ್ಜಿಯಲ್ಲಿ ಬಿಟ್ಟುಹೋಗಿತ್ತು, ಅದಕ್ಕಾಗಿ ಒಂದು ಖಾಲಿ ಜಾಗವೂ ಇರಲಿಲ್ಲ.

ಕೈಪಿಡಿಯ ಪ್ರಕಾರ ಎರಡೂ ಕಡೆಯವರನ್ನು ಸಂಧಾನದ ಊಟಕ್ಕೆ ನಮ್ಮ ಮನೆಗೆ ಕರೆದು ಒಂದೇ ಎತ್ತರದ ಆಸನಗಳಲ್ಲಿ ಕೂರಿಸಿದೆ, ಆಸನವೇ ಇಲ್ಲದೆ ಎಲ್ಲರೂ ನೆಲದ ಮೇಲೆ ಕೂತದ್ದರಿಂದ ಅದು ಸುಲಭವಾಯಿತು. ಕುರಿ ಬೆಂದು ಬಂತು. ಯಾವ ಮೂಳೆ ಯಾರಿಗೆ ಎಂಬುದಕ್ಕೆ ಕೈಪಿಡಿಯಲ್ಲಿ ಹುಡುಕಿದೆ. ಕದನವಿರಾಮಕ್ಕೆ ನಲವತ್ತು ಪುಟ, ಕುರಿಗೆ ಒಂದು ಸಾಲೂ ಇಲ್ಲ. ಸರಿ, ನಮ್ಮಲ್ಲಿ ಮಾಡುವಂತೆ ಎಲ್ಲಕ್ಕಿಂತ ದೊಡ್ಡ ಮರ್ಯಾದೆಯಾದ ಸೊಂಟದ ಮೂಳೆಯನ್ನು ಅವರ ಹಿರಿಯ, ಎಂಬತ್ತು ದಾಟಿದ ಸೆಯಿತ್‌ಜಾನ್ ಅಣ್ಣನಿಗೂ, ಕಿರಿಯರಿಗೆ ಕೊಡುವ ತಲೆಯನ್ನು ಅವರ ಮಗ ಬೋಲಾತ್‌ಗೂ ಬಡಿಸಿ, ನಾನೆಂಥ ಜಾಣ ಎಂದು ಮೀಸೆ ತಿರುವುತ್ತಿದ್ದೆ.

ಬೋಲಾತ್ ಬಿಳಿಚಿಕೊಂಡ. ಅವರಲ್ಲಿ ತಲೆ ಸಲ್ಲುವುದು ಹಿರಿಯ ಅತಿಥಿಗೆ, ಅಪ್ಪ ಬದುಕಿರುವ ಮಗ ಅದಕ್ಕೆ ಚಾಕು ತಾಗಿಸುವಂತೆಯೇ ಇಲ್ಲ. ತಾಗಿಸಿದರೆ ಅಪ್ಪ ಸತ್ತನೆಂದು ಅರ್ಥ. ಅಂದರೆ ತಮ್ಮ ಶಾಂತಿದೂತನು, ಆರು ಜನ ಸಾಕ್ಷಿಗಳ ಎದುರು, ನೀಲಿ ಅಂಗಿ ತೊಟ್ಟು, ಎದುರುಪಕ್ಷದ ಮುಖ್ಯಸ್ಥನನ್ನು ಸಾಯಿಸಿದ್ದ. ಮುದುಕ ಟೋಪಿ ಸರಿಮಾಡಿಕೊಂಡು ಎದ್ದು, "ಏಳೋ ಬೋಲಾತ್, ನನ್ನ ಮಣ್ಣು ಮಾಡೋದು ಬಾಕಿ ಇದೆ, ಮನೆಗೆ ಹೋಗೋಣ" ಎಂದು ಹೊರಟೇಬಿಟ್ಟ. ತಮ್ಮ ಒಪ್ಪಂದದ ಹಾಳೆ ಸಾರಿನ ಬಟ್ಟಲ ಕೆಳಗೆ ಉಳಿಯಿತು.

"ನೂರು ಜನ ಗುದ್ದಲಿ ಹಿಡಿದ್ರೂ ಆಗದೆ ಇದ್ದದ್ದನ್ನ ನೀನೊಬ್ನೇ ಮಾಡ್ದೆ, ಶಭಾಷ್" ಎಂದಳು ನನ್ನ ಹೆಂಡತಿ ಬುರುಲ್‌ಚಾ. ಮೂರು ದಿನ ನಾನು ದೂರದರ್ಶಕ ಹಿಡಿದು ಆಚೆ ದಡದಲ್ಲಿ ಬಂದೂಕು ಹುಡುಕುತ್ತಾ ಕೋಳಿಗೂಡಿನ ಹಿಂದೆ ಕೂತಿದ್ದೆ, ಇದನ್ನು ಕೈಪಿಡಿಯಲ್ಲಿ ವೀಕ್ಷಣಾ ಕಾರ್ಯ ಎಂದು ಕರೆದಿದ್ದೀರಿ.

ನಾಲ್ಕನೆಯ ದಿನ ಕಾಲುವೆ ದಾಟಿ ಬಂದದ್ದು ಸೆಯಿತ್‌ಜಾನ್ ಅಣ್ಣ, ಜೊತೆಗೆ ಬೋಲಾತ್, ಅವನ ಹೆಗಲ ಮೇಲೆ ಒಂದು ಕುರಿ. "ಸತ್ತವನು ಊಟಕ್ಕೆ ಬಂದಿದೀನಿ ಕಣೋ, ಒಲೆ ಹಚ್ಚು" ಎಂದರು. ಬೆಂದ ತಲೆಯನ್ನು ತಾವೇ ಎತ್ತಿ ನನ್ನ ಮುಂದಿಟ್ಟರು. ನಾನು ಉಬ್ಬಿಹೋಗಿ ಚಾಕು ತೆಗೆದದ್ದೇ ತಡ, ಬಾಗಿಲಿಂದ ಬುರುಲ್‌ಚಾ, "ಒಳಗೆ ನಿಮ್ಮಪ್ಪ ಉಸಿರಾಡ್ತಾ ಇದಾರೆ, ಅವರನ್ನೂ ಸಾಯಿಸ್ತೀಯಾ?" ಎಂದಳು. ಮುದುಕ ನಕ್ಕ ರಭಸಕ್ಕೆ ಟೋಪಿ ಬಿತ್ತು. ತೊಂಬತ್ತೊಂದರ ನಮ್ಮಪ್ಪನನ್ನು ಎತ್ತಿ ತಂದು ಕೂರಿಸಿದೆವು. ಅವರು ತಲೆ ಕೊಯ್ದು, ಒಂದು ಕಿವಿ ನನಗೆ, ಒಂದು ಬೋಲಾತ್‌ಗೆ ಕೊಟ್ಟು, "ತಿನ್ರೋ, ಇನ್ನಾದ್ರೂ ಕೇಳಿಸ್ಕೊಳ್ಳೋದು ಕಲೀರಿ" ಎಂದರು. ಎರಡು ಹಲ್ಲಿಲ್ಲದ ಬೋಲಾತ್‌ಗೆ ಅದನ್ನು ಜಗಿಯಲು ಬಹಳ ಹೊತ್ತು ಹಿಡಿಯಿತು, ನಾನೂ ನಿಧಾನವಾಗಿಯೇ ಜಗಿದೆ. ಮರುದಿನ ಬೆಳಿಗ್ಗೆ ಅದೇ ಗುದ್ದಲಿಗಳಿಂದ ಇಬ್ಬರೂ ಸೇರಿ ತೂಬು ತೆಗೆದೆವು.

ಆದ್ದರಿಂದ ಮಾನ್ಯರೇ, ನನ್ನ ವಿನಮ್ರ ಕೋರಿಕೆಯೇನೆಂದರೆ, ಜಗತ್ತಿನಲ್ಲಿ ಯಾರೇ ಯುದ್ಧ ಸಾರುವ ಮುನ್ನ ತನ್ನ ಸೈನ್ಯದ ಪ್ರತಿಯೊಬ್ಬನ ಮುಂದೆ ಒಂದೊಂದು ಕುರಿಯ ತಲೆ ಇಟ್ಟು, ಅಪ್ಪ ಇದ್ದಾನೆಯೇ ಎಂದು ವಿಚಾರಿಸುವಂತೆ ತಾವು ಆಜ್ಞೆ ಹೊರಡಿಸಬೇಕು. ನಾನು ಸೈನ್ಯದಲ್ಲಿದ್ದಾಗ, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದರೂ, ಕಂಡದ್ದು ಇಷ್ಟೇ: ಯುದ್ಧ ಹಾದುಹೋದ ಊರಿನಲ್ಲಿ ಇಪ್ಪತ್ತು ತುಂಬದವರಿಗೂ ತಲೆಗೆ ಚಾಕು ಹಾಕುವ ಅರ್ಹತೆ ಬಂದಿರುತ್ತದೆ, ಮುದುಕರ ತಟ್ಟೆಯಲ್ಲಿ ಮಾತ್ರ ಕಿವಿಗಳು ತೆಗೆದುಕೊಳ್ಳುವವರಿಲ್ಲದೆ ತಣ್ಣಗಾಗುತ್ತವೆ. ಜೊತೆಗೆ ಶಾಂತಿಸ್ಥಾಪನೆಯಲ್ಲಿ ನನಗಾದ ಇಪ್ಪತ್ತು ಸಾವಿರ ಸೋಮ್ ನಷ್ಟವನ್ನೂ ಭರಿಸಿಕೊಡಬೇಕು.

ಕೋಳಿಗೂಡಿನ ಹಿಂದಿನಿಂದ,
ತಮ್ಮ ವಿಶ್ವಾಸಿ,
ಕಲ್ಮುರ್ಜಾ

ಮರೆತ ಮಾತು: ಈ ಪತ್ರವನ್ನು ಬುರುಲ್‌ಚಾ ಓದಿದ್ದರಿಂದ ಒಂದು ತಿದ್ದುಪಡಿ. ಮೊದಲ ಕುರಿ ಊರಿನದು, ಎರಡನೆಯದು ಸೆಯಿತ್‌ಜಾನ್ ಅಣ್ಣನದು. ಆ ಮುದುಕ ಇನ್ನು ಜನ್ಮದಲ್ಲಿ ಕಾಲುವೆ ದಾಟುವುದಿಲ್ಲ ಎಂದು ತಮ್ಮ ಶಾಂತಿದೂತನು ಹೆಂಡತಿಯೊಡನೆ ಪಂಥ ಕಟ್ಟಿದ್ದ. ನಾನು ಕಳೆದುಕೊಂಡದ್ದು ಇನ್ನೂರು ಸೋಮ್.