ಮೂರನೆಯ ಅವಧಿಯನ್ನು ಕಾಣದ ಕಣ್ಣುಗಳಿಗೆ

ಪ್ರತಿಭಾನ್ವೇಷಕ ಶ್ರೀ ಲೈಲ್ ಪೆಂಡರ್‌ಗ್ರಾಸ್ಟ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಸಸ್ಕಾಚೆವಾನ್ ಪ್ರಾಂತ್ಯದ ಕರ್ಲೂ ಫ್ಲಾಟ್ಸ್ ಊರಿನ ಸಮಸ್ತ ನಿವಾಸಿಗಳ ಪರವಾಗಿ, ನಮ್ಮ ವಾರಪತ್ರಿಕೆಯ ಈ ಅಂಕಣದ ಮೂಲಕ ತಮಗೆ ಮೊದಲು ನಮಸ್ಕಾರಗಳು, ಆಮೇಲೆ ಕ್ಷೇಮ ವಿಚಾರಣೆ, ಅದಾದ ಮೇಲೆ ತಮ್ಮ ಕಾರಿನ ಕ್ಷೇಮ ವಿಚಾರಣೆ. ಇಲ್ಲಿ ನಾವೆಲ್ಲ ಕುಶಲ. ಚಳಿ ಸ್ವಲ್ಪ ಜಾಸ್ತಿಯೇ ಇದೆಯಾದರೂ ಎಲ್ಲರ ಮೂಗು ಕಿವಿಗಳು ಬಹುಮಟ್ಟಿಗೆ ಇದ್ದಲ್ಲಿಯೇ ಇವೆ.

ಸಣ್ಣ ಊರುಗಳ ಐಸ್ ಹಾಕಿ ಹುಡುಗರನ್ನು ದೊಡ್ಡ ಲೀಗಿನ ದೊಡ್ಡ ತಂಡವೊಂದಕ್ಕಾಗಿ ಅಳೆದು ತೂಗಿ ಆರಿಸುವ ತಮ್ಮ ವೃತ್ತಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಒಬ್ಬ ಹುಡುಗ ಮಂಜುಗಡ್ಡೆಯ ಮೇಲೆ ಎಡಕ್ಕೆ ತಿರುಗುವ ಬಗೆಯನ್ನು ನೋಡಿಯೇ ಅವನು ಮೂವತ್ತರ ವಯಸ್ಸಿಗೆ ಎಂಥ ಮನುಷ್ಯನಾಗುತ್ತಾನೆಂದು ಹೇಳಬಲ್ಲ ತಮ್ಮ ಕಣ್ಣು ನಮಗೂ ಇದ್ದಿದ್ದರೆ ಈ ಊರಿನ ಅರ್ಧ ಮದುವೆಗಳು ನಡೆಯುತ್ತಲೇ ಇರಲಿಲ್ಲ. ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ ತಾವು ನಮ್ಮ ರಿಂಕಿಗೆ ದಯಮಾಡಿಸಿ, ಕಪ್ಪು ಜಾಕೆಟ್ಟು ತೊಟ್ಟು, ಮೇಲಿನ ಮೂಲೆಯಲ್ಲಿ ಯಾರೊಡನೆಯೂ ಮಾತಾಡದೆ, ಗ್ರೇವಿ ಸುರಿದ ಆಲೂಗಡ್ಡೆ ಫ್ರೈಸ್ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಾಗ, ಕೆಳಗೆ ಕೂತ ನಾವು ಆಟ ನೋಡುವುದನ್ನು ಬಿಟ್ಟು ತಮ್ಮ ಹುಬ್ಬನ್ನೇ ನೋಡುತ್ತಿದ್ದೆವು. ಹುಬ್ಬು ಎರಡು ಸಲ ಏರಿತು. ಅದರಲ್ಲಿ ಒಂದು ಸಲ ಏರಿದ್ದು ಗ್ರೇವಿ ಸುಟ್ಟಿದ್ದಕ್ಕೆ ಎಂದು ಕ್ಯಾಂಟೀನಿನವರ ಅಭಿಪ್ರಾಯ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬ್ಯಾಜರ್ಸ್ ತಂಡದ ಹದಿನೇಳನೇ ನಂಬರಿನ ಓರಿನ್ ಸಿರೋಟ ಎಂಬ ಹುಡುಗ ಮೂರು ಚಳಿಗಾಲಗಳಿಂದ ನನ್ನ ಮನೆಯಲ್ಲಿದ್ದಾನೆ. ಪರವೂರಿನ ಆಟಗಾರರಿಗೆ ಊರಿನವರೇ ಕೋಣೆ ಕೊಟ್ಟು, ಅವರ ಬೆವರಿನ ಕೈಗವಸುಗಳನ್ನು ಹೀಟರಿನ ಮೇಲೆ ಒಣಗಿಸಿಕೊಟ್ಟು, ಫ್ರಿಜ್ಜು ಖಾಲಿಯಾಗುವುದನ್ನು ನೋಡುತ್ತ ನಿಲ್ಲುವುದು ಇಲ್ಲಿನ ಪದ್ಧತಿ. ಈ ವಸಂತಕ್ಕೆ ಓರಿನ್‌ಗೆ ಕಿರಿಯರ ಲೀಗಿನ ವಯಸ್ಸು ಮೀರುತ್ತದೆ. ಬೇಸಿಗೆಯಲ್ಲಿ ತಮ್ಮ ತಂಡ ನಡೆಸುವ ಆಯ್ಕೆ ಶಿಬಿರಕ್ಕೆ ಕರೆ ಬಂದರೆ ಅವನಿಗೆ ಮುಂದೆಯೂ ಹಾಕಿ ಉಂಟು. ಬಾರದಿದ್ದರೆ ಚಿಕ್ಕಪ್ಪನ ಗೋಧಿ ಉಗ್ರಾಣದಲ್ಲಿ ಸಲಿಕೆ ಉಂಟು. ಸಲಿಕೆಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದನ್ನು ಹಿಡಿಯಲು ಅಂಥ ಮಣಿಕಟ್ಟು ಬೇಕಾಗಿಲ್ಲ.

ಇಂಥ ಸಂದರ್ಭದಲ್ಲಿ ತಮ್ಮ ಮೌಲ್ಯಮಾಪನ ಬಂತು. ನಮ್ಮ ಕೋಚ್ ಡೆನಿಸ್ ಬೂವಿಯೆ ಅದನ್ನು ಕ್ಯಾಂಟೀನಿನ ಮುಂದೆ ನಿಂತು ಓದಿದರು. ‘ಹದಿನೇಳನೇ ನಂಬರು: ಓಟ ಸಾಧಾರಣ. ಕೈಚಳಕ ಇದ್ದರೂ ಇರಬಹುದು. ಮೂರನೆಯ ಅವಧಿಯಲ್ಲಿ ಆಟ ನಡೆಯುತ್ತಿರುವಾಗಲೇ ರಿಂಕಿನಿಂದ ಹೊರಟುಹೋಗಿ ಕಾರು ನಿಲ್ಲಿಸುವ ಜಾಗದಲ್ಲಿ ಕಾಣಿಸಿಕೊಂಡ. ನಿಷ್ಠೆ ಸಾಲದು. ಮತ್ತೆ ನೋಡುವ ಅಗತ್ಯವಿಲ್ಲ.’ ಓದಿ ಮುಗಿಸಿದ ಕೋಚ್ ಹಾಳೆಯನ್ನು ಮಡಚಿ, "ಎದ್ದ್‌ಹೋದ ಅಂತ ಬರ್ದಿದಾನಲ್ಲ ಪುಣ್ಯಾತ್ಮ, ಯಾರ್ ಕಾರಿಗೋಸ್ಕರ ಹೋದ ಅಂತನೂ ಒಂದ್ ಸಾಲು ಬರೀಬಹುದಿತ್ತು" ಎಂದರು. ಓರಿನ್ ಮಾತ್ರ ತಟ್ಟೆಯಿಂದ ಮುಖ ಎತ್ತದೆ, "ಹೋಗಿದ್ದು ನಿಜ ತಾನೆ ಕೋಚ್, ಅವ್ರೇನು ಸುಳ್ಳು ಬರ್ದಿಲ್ಲ" ಎಂದ. ಮಾನ್ಯರೇ, ನನ್ನ ಕಷ್ಟ ಇರುವುದೇ ಇಲ್ಲಿ. ಹುಡುಗ ತಮ್ಮ ಪರ ವಹಿಸಿಬಿಟ್ಟಿದ್ದರಿಂದ ಅವನ ಪರ ವಹಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಡೆದದ್ದನ್ನು ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು. ಐಸ್ ಹಾಕಿಗೆ ಮೂರು ಅವಧಿಗಳಿವೆ ಎಂಬುದನ್ನು ತಾವು ಯಾರಿಂದಲಾದರೂ ಕೇಳಿ ತಿಳಿದಿರುತ್ತೀರಿ, ಕಣ್ಣಾರೆ ಕಂಡಿರಲಾರಿರಿ. ಎರಡನೆಯದು ಮುಗಿಯುತ್ತಲೇ ತಾವೂ ತಮ್ಮ ವೃತ್ತಿಬಾಂಧವರೂ ಎದ್ದು, ಕತ್ತಲಾಗುವ ಮುಂಚೆ ಇನ್ನೊಂದು ಊರಿನ ಇನ್ನೊಂದು ಪಂದ್ಯದ ಮೊದಲೆರಡು ಅವಧಿಗಳನ್ನು ನೋಡಲು ಹೊರಡುವುದು ಈ ಬಯಲುಸೀಮೆಯಲ್ಲಿ ಸೂರ್ಯಾಸ್ತದಷ್ಟೇ ಖಚಿತ. ಇದು ತಪ್ಪೆಂದು ನಾನು ಎಲ್ಲಿ ಹೇಳಿದೆ? ಮುಕ್ಕಾಲು ಊಟ ಮಾಡಿ ಅಡುಗೆಯವಳಿಗೆ ಪೂರ್ತಿ ಸರ್ಟಿಫಿಕೇಟು ಕೊಡಬಲ್ಲವರು ಎಲ್ಲ ಕಡೆ ಹುಟ್ಟುವುದಿಲ್ಲ.

ತೊಂದರೆ ಏನೆಂದರೆ, ನಮ್ಮ ಓರಿನ್ ಹಳೇ ಡೀಸೆಲ್ ಟ್ರಾಕ್ಟರಿನ ಜಾತಿಗೆ ಸೇರಿದವನು. ಮೊದಲನೆಯ ಅವಧಿಯಲ್ಲಿ ಕೆಮ್ಮುತ್ತಾನೆ, ಎರಡನೆಯದರಲ್ಲಿ ಹೊಗೆ ಬಿಡುತ್ತಾನೆ, ಮೂರನೆಯದರಲ್ಲಿ ಅಡ್ಡ ಬಂದದ್ದನ್ನೆಲ್ಲ ಉತ್ತು ಹಾಕುತ್ತಾನೆ. ಈ ಸಲದ ಅವನ ಗೋಲುಗಳೆಲ್ಲ ಮೂರನೆಯ ಅವಧಿಯವೇ, ತಾವುಗಳು ಹೆದ್ದಾರಿಯಲ್ಲಿ ರೇಡಿಯೋ ಕೇಳುತ್ತಿದ್ದ ಹೊತ್ತಿನವೇ. ಆದ್ದರಿಂದ ನಮ್ಮೂರಿನ ಪಂದ್ಯಗಳಲ್ಲಿ ಮೂರನೆಯ ಅವಧಿಯನ್ನು ಮೊದಲು ಆಡಿಸಬೇಕೆಂದು ಲೀಗಿನ ಅಧ್ಯಕ್ಷರಲ್ಲಿ ನಾನೇ ಹೋಗಿ ವಿನಂತಿಸಿದೆ. ಅವರು, "ಮೊದ್ಲು ಆಡಿದ್ರೆ ಅದನ್ನೇ ಒಂದನೇ ಅವಧಿ ಅಂತಾರೆ ವಿಲ್ಮಾ, ನಿಮ್ ಹುಡ್ಗ ಅದ್ರಲ್ಲೂ ಕೆಮ್ತಾನೆ" ಎಂದರು. ಆಡಳಿತದಲ್ಲಿ ಕಲ್ಪನಾಶಕ್ತಿ ಎಷ್ಟು ಕಡಿಮೆಯಾಗಿದೆ ನೋಡಿ.

ಹೀಗೆ ಕಾನೂನಿನ ದಾರಿ ಮುಚ್ಚಿದ ಮೇಲೆ ಊರು ಇನ್ನೊಂದು ದಾರಿ ಹುಡುಕಿತು. ಅದನ್ನು ಹುಡುಕಿದವರ ಹೆಸರನ್ನು ನಾನು ಪ್ರಾಣ ಹೋದರೂ ಹೇಳಲಾರೆ. ರಿಂಕಿನ ಮಂಜನ್ನು ನುಣುಪು ಮಾಡುವ ಯಂತ್ರ ಓಡಿಸುವ ಮರ್ವ್ ಕ್ಲಾಸೆನ್ ಎಂಬಷ್ಟನ್ನು ಮಾತ್ರ ಸೂಚಿಸಬಲ್ಲೆ. ತಾವು ಬಂದ ಆ ಭಾನುವಾರ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿತ್ತು. ಹೊರಗೆ ನಿಲ್ಲಿಸಿದ ಕಾರುಗಳೆಲ್ಲ ಎಂಜಿನ್ ಹೆಪ್ಪುಗಟ್ಟದ ಹಾಗೆ ಮೂತಿಯಿಂದ ವೈರು ಇಳಿಬಿಟ್ಟು, ಕಂಬದ ಪ್ಲಗ್ಗಿನಿಂದ ಕರೆಂಟು ಕುಡಿಯುತ್ತಿದ್ದವು. "ಆ ವೈರು ಕಿತ್‌ಬಿಟ್ರೆ ಮುಗೀತು. ಕಾರು ಸ್ಟಾರ್ಟ್ ಆಗ್ದೆ ಎಲ್ಲಿಗ್ ಹೋಗ್ತಾನೆ? ಒಳಗ್ ಬಂದು ಕೂತ್ಕೋಬೇಕು. ಕೂತ್‌ಮೇಲೆ ನೋಡ್ಲೇಬೇಕು" ಎಂದು ಮರ್ವ್ ತರ್ಕಿಸಿದ. ತರ್ಕದಲ್ಲಿ ಬಿರುಕಿರಲಿಲ್ಲ. ಅವನು ಹೋಗಿ ತಮ್ಮ ಕಾರಿನ ವೈರು ಕಿತ್ತು ಬಂದ.

ಆದರೆ ಕಿತ್ತ ವೈರು ಕಿತ್ತಂತೆ ಬಿದ್ದಿರಲು ಬಿಡುವ ಊರಲ್ಲ ಇದು. ಪಿರೋಹಿ ಕಡುಬಿನ ಪಾತ್ರೆ ಹೊತ್ತು ಬರುತ್ತಿದ್ದ ಚರ್ಚಿನ ಹೆಂಗಸೊಬ್ಬಳು, "ಅಯ್ಯೋ ಪಾಪ, ಯಾರ್ದೋ ವೈರು ಬಿದ್‌ಹೋಗಿದೆ" ಎಂದು ಪಾತ್ರೆಯನ್ನು ಹಿಮದ ಮೇಲಿಟ್ಟು ವೈರನ್ನು ಮತ್ತೆ ಸಿಕ್ಕಿಸಿದಳು. ಮರ್ವ್ ಮತ್ತೆ ಕಿತ್ತ. ತಡವಾಗಿ ಬಂದ ಪಶುವೈದ್ಯರು ಮತ್ತೆ ಸಿಕ್ಕಿಸಿದರು. ಮರ್ವ್ ಪುನಃ ಕಿತ್ತು, ಕಾವಲಿಗೆಂದು ತನ್ನ ಭಾವಮೈದುನನನ್ನು ನಿಲ್ಲಿಸಿ ಒಳಗೆ ಬಂದರೆ, ಸ್ವಲ್ಪ ಹೊತ್ತಿಗೆ ಆ ಭಾವಮೈದುನನೇ ಒಳಗೆ ಬಂದು, "ನೋಡ್ತಾ ನಿಂತ್ಕೊಳೋಕ್ಕಾಗ್ಲಿಲ್ಲ ಮರ್ವ್, ಸಿಕ್ಕಿಸ್‌ಬಿಟ್ಟೆ. ಬೈಬೇಡ" ಎಂದ. ಕೊನೆಗೆ ಮರ್ವ್ ವೈರನ್ನು ಹಿಮದಡಿ ಹೂತು ಬಂದನಂತೆ. ಒಂದು ಊರಿನ ಒಳ್ಳೆಯತನದ ವಿರುದ್ಧ ಒಬ್ಬ ಮನುಷ್ಯ ಇಷ್ಟು ಶ್ರದ್ಧೆಯಿಂದ ಹೋರಾಡಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಎರಡನೆಯ ಅವಧಿ ಮುಗಿದಾಗ ಪಾಪ್ಲರ್ ಹಿಲ್ ತಂಡಕ್ಕೂ ನಮಗೂ ಸರಿಸಮ, ಎರಡೆರಡು ಗೋಲು. ತಾವು ಎದ್ದಿರಿ, ಹೋದಿರಿ. ಮೂರನೆಯದು ಶುರುವಾಯಿತು, ಓರಿನ್‌ನ ಎಂಜಿನ್ ಹದಕ್ಕೆ ಬಂತು; ಅವನು ಇಬ್ಬರನ್ನು ದಾಟಿ ಮೂರನೆಯವನ ಕಡೆಗೆ ನುಗ್ಗುತ್ತಿದ್ದಾಗ, ಮರ್ವ್‌ನ ಲೆಕ್ಕದಂತೆಯೇ, ತಾವು ಬಾಗಿಲಲ್ಲಿ ಕಾಣಿಸಿಕೊಂಡಿರಿ. ಆದರೆ ಕುಳಿತುಕೊಳ್ಳಲಿಲ್ಲ. ಕೈಯುಜ್ಜುತ್ತ, ಗಡಿಯಾರ ಮತ್ತು ಮೈಕು ಎರಡನ್ನೂ ನೋಡಿಕೊಳ್ಳುವ ನಮ್ಮ ಆಗ್ನೆಸ್‌ಳ ಕಿವಿಯಲ್ಲಿ ಏನೋ ಹೇಳಿದಿರಿ, ಅವಳು ಮೈಕಿನಲ್ಲಿ, "ನೀಲಿ ಕಾರು, ಆಲ್ಬರ್ಟಾ ನಂಬರು, ಸ್ಟಾರ್ಟ್ ಆಗ್ತಿಲ್ವಂತೆ. ಪಾಪ, ದೂರ ಹೋಗ್ಬೇಕಂತೆ" ಎಂದಳು.

ಮಾನ್ಯರೇ, ಈ ಸೀಮೆಯಲ್ಲಿ ಇಂಥ ಚಳಿಯಲ್ಲಿ ಒಬ್ಬನ ಕಾರು ಸತ್ತಿದೆ ಎಂದರೆ ಮಿಕ್ಕಿದ್ದೆಲ್ಲ ಆಮೇಲೆ. ಮದುವೆಯ ನಡುವೆ ಮದುಮಗ ಎದ್ದುಹೋಗಿ ಬಂದದ್ದುಂಟು, ಮದುಮಗಳು ಟಾರ್ಚು ಹಿಡಿದದ್ದುಂಟು. ಇಡೀ ರಿಂಕು ಒಂದೇ ಮೈಯಾಗಿ ಎದ್ದಿತು. ಪ್ರೇಕ್ಷಕರು ಹೋದರು, ಎರಡೂ ತಂಡಗಳು ಹೋದವು, ಸೀಟಿ ಊದುವುದನ್ನು ಮರೆತು ರೆಫರಿ ಹೋದರು, ಎಲ್ಲರಿಗಿಂತ ಮುಂದೆ ಮರ್ವ್ ಕ್ಲಾಸೆನ್ ಓಡಿದ. "ನೀನೇ ಕಿತ್ತು ನೀನೇ ಓಡ್ತೀಯಲ್ಲೋ" ಎಂದು ನಾನು ಕೂಗಿದರೆ, "ಕೀಳೋದ್ ಬೇರೆ ವಿಲ್ಮಾ, ಅಲ್ಲಿ ಆ ಮನುಷ್ಯ ಚಳೀಲಿ ನಿಂತಿದಾನೆ" ಎಂದು ಹಿಂದಿರುಗಿಯೂ ನೋಡದೆ ಹೋದ. ಊರಿನಲ್ಲಿ ಒಳ್ಳೆಯ ಜಂಪರ್ ಕೇಬಲ್ಲು ಇರುವುದು ಓರಿನ್‌ನ ಪಿಕಪ್ಪಿನಲ್ಲಿ. ಅವನು ಕೋಲಿನ ತುದಿಯಲ್ಲಿದ್ದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಇದ್ದಲ್ಲೇ ಬಿಟ್ಟು ಕೋಚ್‌ನ ಮುಖ ನೋಡಿದ. ಕೋಚ್, "ನೋಡ್ತೀಯೇನೋ, ಹೋಗು" ಎಂದರು. ಸ್ಕೇಟು ಬಿಚ್ಚಲೂ ನಿಲ್ಲದೆ ಹಿಮದ ಮೇಲೆ ಕತ್ತರಿ ಹಾಕುತ್ತ ಬಂದು, ತಮ್ಮ ಬ್ಯಾಟರಿಗೂ ತನ್ನ ಬ್ಯಾಟರಿಗೂ ಕೇಬಲ್ಲು ಕಚ್ಚಿಸಿ, ಬರಿಗೈಯಲ್ಲಿ ಹಿಡಿದುಕೊಂಡು ನಿಂತವನು ಅವನೇ. ಬೆನ್ನಿನ ಮೇಲಿನ ನಂಬರನ್ನು ತಾವು ಓದಿಕೊಂಡಿರಿ ಎಂಬುದು ವರದಿಯಿಂದ ಗೊತ್ತಾಯಿತು. ಕಾರು ಕೆಮ್ಮಿ ಎದ್ದಿತು, ಊರು ಚಪ್ಪಾಳೆ ತಟ್ಟಿತು, ತಾವು ಕೈಬೀಸಿ ಹೊರಟಿರಿ.

ನಾವು ಒಳಗೆ ಬಂದಾಗ ಮೂರನೆಯ ಅವಧಿ ಮುಗಿದುಹೋಗಿತ್ತು. ಕಂಬಳಿ ಹಿಡಿದು ತಮಗೆ ಹೊದಿಸಲು ಓಡಿದ್ದ ಆಗ್ನೆಸ್ ಗಡಿಯಾರ ನಿಲ್ಲಿಸಿರಲಿಲ್ಲ. ಹೆಚ್ಚುವರಿ ಆಟ ಆಡೋಣವೆಂದರೆ, ಆಮೇಲಿನ ಹೊತ್ತು ಮಂಜಿನ ಮೇಲೆ ನರ್ತಿಸುವ ಪುಟ್ಟ ಹುಡುಗಿಯರದು. ಅವರ ತಾಯಂದಿರ ಜೊತೆ ವಾದಿಸುವ ಧೈರ್ಯ ಯಾವ ರೆಫರಿಗೂ ಇಲ್ಲ. ಪಂದ್ಯ ಸಮವೆಂದು ಬರೆದುಕೊಂಡರು. ಅಷ್ಟೂ ಹೊತ್ತು ಮಂಜಿನ ಮೇಲೆ ಉಳಿದಿದ್ದವನು ಪಾಪ್ಲರ್ ಹಿಲ್‌ನ ಗೋಲ್‌ಕೀಪರ್ ಒಬ್ಬನೇ. ಕಾಲಿಗೆ ಕಟ್ಟಿದ ಹಾಸಿಗೆಯಂಥ ಪ್ಯಾಡುಗಳಲ್ಲಿ ಮೆಟ್ಟಿಲು ಹತ್ತಲಾರದೆ, ಗೋಲಿನ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ.

ಅದೇ ವರದಿಯಲ್ಲಿ ಆ ಗೋಲ್‌ಕೀಪರನ ಬಗ್ಗೆ ತಾವು ಬರೆದದ್ದನ್ನೂ ಕೋಚ್ ನಮಗೆ ಓದಿ ಹೇಳಿದರು. ‘ಮೂರನೆಯ ಅವಧಿಯಲ್ಲಿ ಒಂದು ಗೋಲನ್ನೂ ಬಿಡಲಿಲ್ಲ. ಒತ್ತಡದ ನಡುವೆ ಅಸಾಧಾರಣ ಶಾಂತಿ. ಶಿಬಿರಕ್ಕೆ ಕರೆಯತಕ್ಕದ್ದು.’ ಮಾನ್ಯರೇ, ಈ ಸಾಲು ಕೇಳಿದ ಮೇಲೆ ತಮ್ಮ ಬಗೆಗಿನ ನನ್ನ ಗೌರವ ನಾನು ತಡೆಯಲಾರದಷ್ಟು ಬೆಳೆದಿದೆ. ಹೆದ್ದಾರಿಯಲ್ಲಿ ಕಾರು ಓಡಿಸುತ್ತಲೇ, ಗೋಡೆ ಹೊಲ ಹಿಮಗಳನ್ನೆಲ್ಲ ಭೇದಿಸಿ, ಮಲಗಿದ್ದ ಹುಡುಗನ ಒಳಗಿನ ಶಾಂತಿಯನ್ನು ಕಂಡಿರಿ. ಆ ಹುಡುಗನಿಗೆ ಒಳ್ಳೆಯದಾಗಲಿ. ಅವನ ನಿದ್ದೆಗೆ ನಮ್ಮಲ್ಲಿ ಯಾರಿಗೂ ಹೊಟ್ಟೆಕಿಚ್ಚಿಲ್ಲ. ಎಚ್ಚರವಾಗಿದ್ದವನ ಕಡೆಗೂ ಅದೇ ದಿವ್ಯದೃಷ್ಟಿ ಬೀರಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.

ನಮ್ಮ ಕೋರಿಕೆಗಳು ಬಹಳ ಸಣ್ಣವು. ಓಟ, ಹೊಡೆತ, ತಳ್ಳಾಟ ಎಂದು ತಾವು ಹುಡುಗರಿಗೆ ಅಂಕ ಕೊಡುವಾಗ, ಸ್ಕೇಟು ತೊಟ್ಟು ಐಸಿಲ್ಲದ ಕಡೆ ಓಡುವುದಕ್ಕೂ ಒಂದಿಷ್ಟು ಅಂಕ ಇಡಿ. ‘ನಿಷ್ಠೆ ಸಾಲದು’ ಎಂಬುದರ ಮುಂದೆ ಯಾರಿಗೆ ಸಾಲದು, ಯಾರಿಗೆ ಮಿಕ್ಕಿತು ಎಂದು ಸೇರಿಸಿ. ಇದೆಲ್ಲ ನಿಯಮಬಾಹಿರವಾದರೆ ಬರುವ ಭಾನುವಾರ ಓರಿನ್‌ನ ಕೊನೆಯ ಪಂದ್ಯಕ್ಕೆ ಬನ್ನಿ. ಮೊದಲೆರಡು ಅವಧಿಗಳಲ್ಲಿ ನನ್ನ ಮನೆಯ ಸೋಫಾದ ಮೇಲೆ ಮಲಗಿರಿ, ಮೂರನೆಯದಕ್ಕೆ ನಾವೇ ಎಬ್ಬಿಸುತ್ತೇವೆ. ಬರಲೂ ಆಗದೆಂದರೆ, ತಮ್ಮ ಮನೆಯ ಅಂಗಳಕ್ಕೆ ನೀರು ಬಿಟ್ಟು ಹೆಪ್ಪುಗಟ್ಟಿಸಿಡಿ. ಎರಡೂ ತಂಡಗಳನ್ನು, ರೆಫರಿಯನ್ನು, ಗಡಿಯಾರವನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ತಾವು ಕಿಟಕಿಯಲ್ಲಿ ಸೂಪು ಕುಡಿಯುತ್ತ ನೋಡುವಂತೆ ಬಾಕಿ ಇರುವ ಆ ಮೂರನೆಯ ಅವಧಿಯನ್ನು ಅಲ್ಲಿಯೇ ಆಡಿ ಮುಗಿಸುತ್ತೇವೆ. ಮಂಜು ನುಣುಪು ಮಾಡಲು ಮರ್ವ್ ತನ್ನ ಯಂತ್ರವನ್ನು ಹೆದ್ದಾರಿಯಲ್ಲೇ ಓಡಿಸಿಕೊಂಡು ಬರುತ್ತಾನಂತೆ. ಈಗ ಹೊರಟರೆ ವಸಂತಕ್ಕೆ ಮುಟ್ಟಬಹುದು.

ತಾವು ಒಮ್ಮೆಯಾದರೂ ಕೊನೆಯವರೆಗೆ ಕುಳಿತಿರುವಿರೆಂಬ ಭರವಸೆಯನ್ನು ಇನ್ನೂ ಬಿಡದಿರುವ,

ತಮ್ಮ ವಿಶ್ವಾಸಿ,
ವಿಲ್ಮಾ ಓಸ್ಟ್‌ಬೀ

ತಾ.ಕ.: ಓರಿನ್‌ನ ಕೇಬಲ್ಲುಗಳು ಅಂದಿನಿಂದ ಅವನ ಪಿಕಪ್ಪಿನಲ್ಲಿಲ್ಲ. ಎಲ್ಲಿ ಎಂದು ಕೇಳಿದೆ. "ಅವ್ರ ಡಿಕ್ಕೀಲಿ ಹಾಕ್‌ಬಿಟ್ಟೆ ಆಂಟಿ. ದಾರೀಲಿ ಮತ್ತೆ ನಿಂತ್ರೆ ಅಲ್ಲಿ ಯಾರ್ ಇರ್ತಾರೆ" ಎಂದ. ದಯವಿಟ್ಟು ಅವನ್ನು ಅಂಚೆಯಲ್ಲಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಬಂದು ಅವನ ಕೈಗೇ ಕೊಡಿ. ಆದರೆ ಅವನು ಐಸಿನ ಮೇಲಿಂದ ಇಳಿಯುವುದು ಪಂದ್ಯ ಪೂರ್ತಿ ಮುಗಿದ ಮೇಲೆ. ಆ ದಿನ ತಮ್ಮ ಕಾರು ಸತ್ತರೂ ಸರಿ, ಅವನನ್ನು ಹೊರಗೆ ಬಿಡದಂತೆ ರಿಂಕಿನ ಬಾಗಿಲಿಗೆ ಅಡ್ಡ ನಾನೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ.